ಹರಾಜಿನ ಮರುದಿನ: ಆಟಗಾರನ ಬೆಲೆಯನ್ನು ಅಳೆಯುವ ಕ್ರಮ

ಜುಲೈ ತಿಂಗಳು ಬಂದು, ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ತವಕದಿಂದ ಹರಿಯುತ್ತಿರುವ ದಿನಗಳಲ್ಲಿಯೇ, ಅತ್ತ ಬೆಂಗಳೂರಿನಲ್ಲಿ ನಮ್ಮ ರಾಜ್ಯದ ಕ್ರಿಕೆಟ್ ತರುಣರ ಮುಂದಿನ ಒಂದು ವರ್ಷದ ಯೋಗಕ್ಷೇಮವು ಹರಾಜಿನ ಸುತ್ತಿಗೆಯ ಪೆಟ್ಟುಗಳಲ್ಲಿ ನಿಶ್ಚಯವಾಗುತ್ತಿರುತ್ತದೆ. ಮರುದಿನ ಬೆಳಗ್ಗೆ ಪತ್ರಿಕೆಯಲ್ಲಿ ಮೈಸೂರು ವಾರಿಯರ್ಸ್ ತಂಡದ ಪಟ್ಟಿ ಅಚ್ಚಾಗಿ ಬಂದಾಗ, ನಂಜನಗೂಡಿನ ಬಸ್ ನಿಲ್ದಾಣದ ಹೋಟೆಲುಗಳಲ್ಲಿಯೂ, ಚಾಮರಾಜನಗರದಿಂದ ಮೈಸೂರಿಗೆ ಹೋಗುವ ರೈಲುಗಾಡಿಯ ಬೋಗಿಗಳಲ್ಲಿಯೂ, ತಿ. ನರಸೀಪುರದ ಕಾಲೇಜು ಹುಡುಗರ ಗುಂಪುಗಳಲ್ಲಿಯೂ ಹುಟ್ಟುವ ಚರ್ಚೆಯು ಸಾಮಾನ್ಯವಾಗಿ ಎರಡೇ ಮಾತುಗಳಲ್ಲಿ ಮುಗಿದುಹೋಗುತ್ತದೆ: ಇವನಿಗೆ ಇಷ್ಟು ಹಣವೇ ಎಂಬುದು ಒಂದು, ಅವನನ್ನೇಕೆ ಬಿಟ್ಟರು ಎಂಬುದು ಇನ್ನೊಂದು. ಈ ಎರಡು ಪ್ರಶ್ನೆಗಳೂ ಯುಕ್ತವಾದುವೇ ಆಗಿವೆ. ಆದರೆ ಇವುಗಳಿಗೆ ಉತ್ತರವನ್ನು ಕಂಡುಕೊಳ್ಳುವುದಕ್ಕೆ ಒಂದು ಕ್ರಮವುಂಟು. ಆ ಕ್ರಮವನ್ನು ಬಲ್ಲವನಿಗೆ ಆಟವಿಲ್ಲದ ತಿಂಗಳುಗಳೂ ಆಟದಷ್ಟೇ ರಸವತ್ತಾದುವಾಗಿ ತೋರುವುವಾದುದರಿಂದ, ಅದನ್ನು ಇಲ್ಲಿ ಸಾವಕಾಶವಾಗಿ ನಿರೂಪಿಸಬೇಕೆಂದಿದ್ದೇನೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು 2009ರಲ್ಲಿ ಆರಂಭಿಸಿದ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಅನಂತರ ನಿಂತುಹೋಯಿತು. ಅದರ ಸ್ಥಾನದಲ್ಲಿ 2022ರಿಂದ, ಸಂಸ್ಥೆಯ ಅಧ್ಯಕ್ಷರಾಗಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಸ್ಮರಣಾರ್ಥವಾಗಿ ಮಹಾರಾಜ ಟ್ರೋಫಿ ಎಂಬ ಟಿ–20 ಪಂದ್ಯಾವಳಿಯು ನಡೆದುಬರುತ್ತಿದೆ. ಸ್ಪರ್ಧಿಸುವ ತಂಡಗಳು ಆರು. ಮೈಸೂರು ವಾರಿಯರ್ಸ್ ತಂಡದ ಒಡೆತನವು, 1948ರಲ್ಲಿ ಎನ್. ರಂಗರಾಯರು ಮೈಸೂರಿನಲ್ಲಿ ಸ್ಥಾಪಿಸಿದ, ಸೈಕಲ್ ಅಗರಬತ್ತಿಯಿಂದ ಮನೆಮಾತಾದ ಎನ್.ಆರ್. ಸಮೂಹದ್ದು. ಈ ತಂಡ 2023ರ ಅಂತಿಮ ಪಂದ್ಯದಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡಕ್ಕೆ 8 ರನ್‌ಗಳಿಂದ ಸೋತು, 2024ರಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 45 ರನ್‌ಗಳಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು.

ಆಟವಿಲ್ಲದ ಋತುವಿನಲ್ಲಿ ಆಟಗಾರನನ್ನು ಕೊಳ್ಳುವ ಈ ವ್ಯವಹಾರವು ಅತ್ಯಂತ ಸೂಕ್ಷ್ಮವಾದ ಶಾಸ್ತ್ರವಾಗಿ ಬೆಳೆದಿರುವುದು ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ. ಮಂಜುಗಡ್ಡೆಯ ಅಂಗಣದಲ್ಲಿ ಗೋಲ್‌ಕೀಪರನೂ ಸೇರಿ ಆರು ಮಂದಿ ಆಡುವ ಈ ಆಟವು ನಮ್ಮ ಸೀಮೆಯವರ ಕಣ್ಣಿಗೆ ಬಿದ್ದಿರುವುದು ಅಪೂರ್ವ. ಲಡಾಖಿನಲ್ಲಿ ಚಳಿಗಾಲದಲ್ಲಿ ಅದು ನಡೆಯುವುದನ್ನು ಕಂಡವರು ಕೆಲವರು ಇರಬಹುದು, ಟೊರಾಂಟೊ ಮೊದಲಾದ ನಗರಗಳಲ್ಲಿ ನೆಲಸಿರುವ ನಮ್ಮವರ ಮಕ್ಕಳಿಗೆ ಅದು ನಿತ್ಯಪರಿಚಿತ. ಅಲ್ಲಿನ ನ್ಯಾಷನಲ್ ಹಾಕಿ ಲೀಗಿನಲ್ಲಿ 32 ತಂಡಗಳಿವೆ. ಆಟಗಾರನು 27 ವರ್ಷ ವಯಸ್ಸನ್ನು ಮುಟ್ಟಿದ ಮೇಲೆ, ಇಲ್ಲವೆ ಏಳು ಋತುಗಳ ಸೇವೆಯನ್ನು ಪೂರೈಸಿದ ಮೇಲೆ, ಅವನ ಒಪ್ಪಂದವು ಮುಗಿದೊಡನೆ ಸ್ವತಂತ್ರನಾಗಿ, ಯಾವ ತಂಡದೊಡನೆ ಬೇಕಾದರೂ ಹೊಸ ಕರಾರನ್ನು ಮಾಡಿಕೊಳ್ಳಬಹುದು. ಈ ಬಾಗಿಲು ತೆರೆಯುವ ದಿನ ವಾಡಿಕೆಯಾಗಿ ಜುಲೈ 1. ಒಂದು ಇಡೀ ಋತುವೇ ರದ್ದಾಗುವಷ್ಟು ಕಠೋರವಾದ ವಿವಾದದ ಅನಂತರ 2005ರಲ್ಲಿ ಅಲ್ಲಿ ಸಂಬಳಗಳ ಮೊತ್ತಕ್ಕೆ ಮಿತಿಯನ್ನು ಗೊತ್ತುಮಾಡಿದರು. ಆಗ ಪ್ರತಿ ತಂಡಕ್ಕೂ 3 ಕೋಟಿ 90 ಲಕ್ಷ ಡಾಲರ್ ಇದ್ದ ಆ ಮಿತಿಯು 2025–26ರ ಋತುವಿಗೆ 9 ಕೋಟಿ 55 ಲಕ್ಷಕ್ಕೆ ಏರಿತು. ಎಷ್ಟು ಏರಿದರೂ ಮಿತಿ ಮಿತಿಯೇ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ ಎಂಬ ನಿಯಮವು ಅಲ್ಲಿಯೂ ಇಲ್ಲಿಯೂ ಒಂದೇ ಆಗಿರುವುದರಿಂದ, ಅಲ್ಲಿಯ ಅನುಭವದಿಂದ ನಾವು ಕಲಿಯತಕ್ಕದ್ದು ಬಹಳವಿದೆ.

ಎರಡು ಕರಾರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. 2013ರ ಜುಲೈಯಲ್ಲಿ ಟೊರಾಂಟೊ ತಂಡವು ಡೇವಿಡ್ ಕ್ಲಾರ್ಕ್‌ಸನ್ ಎಂಬ ಆಟಗಾರನನ್ನು ಏಳು ವರ್ಷಗಳ ಅವಧಿಗೆ 3 ಕೋಟಿ 67 ಲಕ್ಷ 50 ಸಾವಿರ ಡಾಲರ್ ಕೊಟ್ಟು ಸೇರಿಸಿಕೊಂಡಿತು. ಅವನು ಅದೇ ಊರಿನ ಮಗ. ಜನರ ಹರ್ಷಕ್ಕೆ ಪಾರವಿರಲಿಲ್ಲ. ಅವನ ಕೀರ್ತಿಗೆ ಮುಖ್ಯ ಆಧಾರವಾಗಿದ್ದುದು 2011–12ರಲ್ಲಿ ಹೊಡೆದ 30 ಗೋಲುಗಳು. ಆ ಎತ್ತರವನ್ನು ಅವನು ಅದಕ್ಕೆ ಮೊದಲು ಎಂದೂ ಮುಟ್ಟಿರಲಿಲ್ಲ. ಟೊರಾಂಟೊದಲ್ಲಿ ಮೊದಲನೆಯ ಋತುವಿನ 60 ಪಂದ್ಯಗಳಲ್ಲಿ ಅವನಿಂದ ಬಂದ ಗೋಲುಗಳು ಐದು. ಎರಡನೆಯ ಋತು ಮುಗಿಯುವುದಕ್ಕೆ ಮೊದಲೇ ಅವನನ್ನು ಬೇರೆ ತಂಡಕ್ಕೆ ಸಾಗಹಾಕಿದರು. ಇದಕ್ಕೆ ಏಳು ವರ್ಷ ಹಿಂದೆ, 2006ರಲ್ಲಿ, ಬೋಸ್ಟನ್ ತಂಡವು ಜ್ದೆನೊ ಖಾರಾ ಎಂಬ ಆರು ಅಡಿ ಒಂಬತ್ತು ಅಂಗುಲ ಎತ್ತರದ ರಕ್ಷಣಾ ಆಟಗಾರನೊಡನೆ ಐದು ವರ್ಷಗಳಿಗೆ 3 ಕೋಟಿ 75 ಲಕ್ಷ ಡಾಲರ್ ಮೊತ್ತದ ಕರಾರನ್ನು ಮಾಡಿಕೊಂಡಿತ್ತು. ಅವನು 2009ರಲ್ಲಿ ಲೀಗಿನ ಶ್ರೇಷ್ಠ ರಕ್ಷಕನೆಂಬ ಪುರಸ್ಕಾರವನ್ನು ಪಡೆದು, 2011ರಲ್ಲಿ ನಾಯಕನಾಗಿ ಸ್ಟಾನ್ಲಿ ಕಪ್ಪನ್ನು ಎತ್ತಿಹಿಡಿದು, 2020ರವರೆಗೂ ಅದೇ ತಂಡದಲ್ಲಿ ಆಡಿದನು. ಸಹಿ ಹಾಕಿದ ದಿನ ಇಬ್ಬರ ವಯಸ್ಸೂ 29. ಹಣದ ಮೊತ್ತವೂ ಹೆಚ್ಚುಕಡಿಮೆ ಸಮಾನ. ಭೇದವಿದ್ದುದು ಏತರಲ್ಲಿ ಎಂದರೆ, ಬೋಸ್ಟನ್ನಿನವರು ಕೊಂಡದ್ದು ಪಂದ್ಯದಿಂದ ಪಂದ್ಯಕ್ಕೆ ಮರಳಿ ಮರಳಿ ತೋರಿಬಂದಿದ್ದ ಒಂದು ಸಾಮರ್ಥ್ಯವನ್ನು. ಟೊರಾಂಟೊದವರು ಕೊಂಡದ್ದು ಬಹುಮಟ್ಟಿಗೆ ಒಂದು ವರ್ಷದ ಫಲವನ್ನು. ಆಟಗಾರನ ಬೆಲೆಯನ್ನು ಕುರಿತ ವಿಚಾರದಲ್ಲೆಲ್ಲ ಇದೇ ಮೂಲಸೂತ್ರವೆಂದು ನಾನು ಭಾವಿಸುತ್ತೇನೆ: ಕೊಡುವ ಹಣವು ಕಳೆದ ವರ್ಷದ ಆಟಕ್ಕೆ ಸಂಭಾವನೆಯಲ್ಲ, ಬರುವ ವರ್ಷದ ಆಟಕ್ಕೆ ಮುಂಗಡ.

ತಲಕಾಡಿನ ಸಮೀಪದ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಗೆ ಸೇರುವ ದನಗಳ ಪರಿಷೆಯನ್ನು ನಮ್ಮ ತಾಲ್ಲೂಕಿನವರು ಕಂಡೇ ಇದ್ದಾರೆ. ಅಲ್ಲಿ ಅನುಭವಸ್ಥನಾದ ರೈತನು ಎತ್ತಿನ ಕೊಂಬಿಗೆ ಕಟ್ಟಿದ ಬಣ್ಣದ ಟೇಪನ್ನಾಗಲಿ ಕೊರಳಿನ ಗಂಟೆಯನ್ನಾಗಲಿ ನೋಡುವುದಿಲ್ಲ. ಬಾಯಿ ತೆರೆಸಿ ಹಲ್ಲನ್ನು ಎಣಿಸುತ್ತಾನೆ, ಗೊರಸನ್ನು ಒತ್ತಿ ನೋಡುತ್ತಾನೆ, ಹತ್ತು ಮಾರು ನಡೆಸುತ್ತಾನೆ, ಎಲ್ಲಕ್ಕಿಂತ ಮಿಗಿಲಾಗಿ ತನ್ನ ಕೊಟ್ಟಿಗೆಯಲ್ಲಿರುವ ಒಂಟಿ ಎತ್ತಿಗೆ ಇದು ಜೋಡಿಯಾದೀತೆ ಎಂದು ಚಿಂತಿಸುತ್ತಾನೆ. ಮನುಷ್ಯನನ್ನು ಪಶುವಿಗೆ ಸಮಾನವೆಂದು ಎಣಿಸುವುದು ಸರ್ವಥಾ ನನ್ನ ಉದ್ದೇಶವಲ್ಲ. ಪರೀಕ್ಷೆಯ ಕ್ರಮವು ಎಷ್ಟು ಶಾಂತವಾಗಿಯೂ ಎಷ್ಟು ಸಮಗ್ರವಾಗಿಯೂ ಇರಬಹುದೆಂಬುದಕ್ಕೆ ನಮ್ಮ ಕಣ್ಣೆದುರಿಗೇ ಇರುವ ಆದರ್ಶ ಅದು. ಜೋಡಿಯ ಪ್ರಶ್ನೆಯಿಂದಲೇ ನಾವೂ ಪ್ರಾರಂಭಿಸುವುದು ಒಳ್ಳೆಯದು.

ಹೊಸಬನ ಹೆಸರನ್ನು ಓದುವುದಕ್ಕೆ ಮೊದಲು, ತಂಡಕ್ಕೆ ಇದ್ದ ಕೊರತೆ ಯಾವುದು ಎಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಕಳೆದ ಋತುವಿನಲ್ಲಿ ಪವರ್‌ಪ್ಲೇಯಲ್ಲಿ ವಿಕೆಟ್ ಕೀಳುವವನು ಇರಲಿಲ್ಲವೆ, ನಡುವಿನ ಓವರುಗಳಲ್ಲಿ ಸ್ಪಿನ್ನಿಗೆ ಸಿಕ್ಕಿಹಾಕಿಕೊಂಡರೆ, ಕೊನೆಯ ನಾಲ್ಕು ಓವರುಗಳಲ್ಲಿ ಹೊಡೆಯುವವನಿಲ್ಲದೆ ಹೋಯಿತೆ, ಒಳ್ಳೆಯ ವಿಕೆಟ್ ಕೀಪರ್ ಇದ್ದನೆ ಇಲ್ಲವೆ ಎಂಬೀ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದುಕೊಂಡವನು ಹರಾಜಿನ ಗದ್ದಲಕ್ಕೆ ಮರುಳಾಗಲಾರನು. ಇದನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ನಮ್ಮವನೇ ಆದ ಕೃಷ್ಣಪ್ಪ ಗೌತಮನ ಕಥೆಯು ಉದಾಹರಣೆ. 2021ರ ಐ.ಪಿ.ಎಲ್. ಹರಾಜಿನಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ಅವನಿಗೆ 9 ಕೋಟಿ 25 ಲಕ್ಷ ರೂಪಾಯಿ ಕೊಟ್ಟಿತು. ಭಾರತದ ಪರವಾಗಿ ಅದುವರೆಗೆ ಆಡಿರದ ಯಾವ ಭಾರತೀಯ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಅದೇ ಹರಾಜಿನಲ್ಲಿ ಅದೇ ತಂಡವು ಇಂಗ್ಲೆಂಡಿನ ಮೊಯೀನ್ ಅಲಿಯನ್ನು 7 ಕೋಟಿಗೆ ಕೊಂಡಿತು. ಇಬ್ಬರೂ ಆಫ್‌ಸ್ಪಿನ್ ಹಾಕುವವರು, ಇಬ್ಬರೂ ಬಿರುಸಾಗಿ ಹೊಡೆಯುವವರು. ಸ್ಪಿನ್ ಹಾಕಿ ಬ್ಯಾಟನ್ನೂ ಬೀಸಬಲ್ಲ ಜಡೇಜನು ತಂಡದಲ್ಲಿ ಮೊದಲೇ ಇದ್ದನು. ಪರಿಣಾಮವಾಗಿ ಗೌತಮನು ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಚೆನ್ನೈ ಆ ವರ್ಷ ಪ್ರಶಸ್ತಿಯನ್ನೇ ಗೆದ್ದಿತೆಂಬುದು ನಿಜ. ಆದರೂ ಆ 9 ಕೋಟಿ 25 ಲಕ್ಷವು ತಂಡದ ಗೆಲುವಿಗೆ ಎಷ್ಟು ಸಹಾಯವಾಯಿತೆಂದು ಕೇಳಿದರೆ, ಅಂಗಣದ ಮಟ್ಟಿಗೆ ಶೂನ್ಯವೆಂದೇ ಹೇಳಬೇಕು. ದೋಷವು ಆಟಗಾರನದಲ್ಲ. ಅವನ ಸಾಮರ್ಥ್ಯವನ್ನು ಪ್ರಯೋಗಿಸಲು ಸ್ಥಳವೇ ಇಲ್ಲದ ಮನೆಗೆ ಅವನನ್ನು ಕರೆದುಕೊಂಡು ಹೋದರು.

ಗೌತಮನ ಹೆಸರು ಬಂದುದರಿಂದ ಅಂಕಿಗಳನ್ನು ಓದುವ ವಿಷಯಕ್ಕೂ ಇಲ್ಲಿಯೇ ಪ್ರವೇಶಿಸಬಹುದು. 2019ರ ಆಗಸ್ಟಿನಲ್ಲಿ ಕೆ.ಪಿ.ಎಲ್.ನ ಒಂದೇ ಪಂದ್ಯದಲ್ಲಿ ಬಳ್ಳಾರಿ ಟಸ್ಕರ್ಸ್ ಪರವಾಗಿ ಅವನು 56 ಎಸೆತಗಳಲ್ಲಿ 134 ರನ್ ಹೊಡೆದು, ಆಮೇಲೆ 15 ರನ್ನಿಗೆ 8 ವಿಕೆಟ್ ಕಿತ್ತನು. ಅಂಥ ದಿನವು ಒಬ್ಬ ಆಟಗಾರನ ಜೀವನದಲ್ಲಿ ಒಮ್ಮೆ ಬಂದರೂ ಧನ್ಯತೆ. ಅದನ್ನು ನೋಡಿದವರ ಭಾಗ್ಯವೂ ದೊಡ್ಡದು. ಆದರೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆಯು ಬೇರೆ: ಆ ಒಂದು ದಿನವನ್ನು ಬದಿಗಿಟ್ಟರೆ ಉಳಿದ ದಿನಗಳು ಏನನ್ನು ಹೇಳುತ್ತವೆ? ಇದಕ್ಕೆ ಒಂದು ಸುಲಭವಾದ ಉಪಾಯವುಂಟು. ಹತ್ತು ಇನಿಂಗ್ಸುಗಳಲ್ಲಿ 320 ರನ್ ಮಾಡಿದ ಇಬ್ಬರಿದ್ದಾರೆಂದು ಭಾವಿಸಿ. ಮೊದಲನೆಯವನ ಅತ್ಯುತ್ತಮ ಮೊತ್ತ 130, ಎರಡನೆಯವನದು 50. ಇಬ್ಬರ ಅತ್ಯುತ್ತಮ ಇನಿಂಗ್ಸನ್ನೂ ತೆಗೆದಿಟ್ಟರೆ ಮೊದಲನೆಯವನಿಗೆ ಒಂಬತ್ತು ಇನಿಂಗ್ಸುಗಳಲ್ಲಿ ಉಳಿಯುವುದು 190, ಅಂದರೆ ಒಂದಕ್ಕೆ 21 ರನ್ನಿನಷ್ಟು. ಎರಡನೆಯವನಿಗೆ 270, ಅಂದರೆ ಒಂದಕ್ಕೆ 30. ಪತ್ರಿಕೆಯ ಪಟ್ಟಿಯಲ್ಲಿ ಸಮಾನರಾಗಿ ಕಂಡ ಇವರಲ್ಲಿ ಪ್ರತಿ ಸಂಜೆಯೂ ಭರವಸೆಯಿಡಬಹುದಾದವನು ಯಾರೆಂಬುದು ಈಗ ತಾನಾಗಿ ತಿಳಿಯುತ್ತದೆ. ಟಿ–20 ಪಂದ್ಯಾವಳಿಗಳಲ್ಲಿ ಒಬ್ಬನಿಗೆ ಸಿಗುವ ಇನಿಂಗ್ಸುಗಳು ಹತ್ತೋ ಹನ್ನೆರಡೋ ಆಗಿರುವುದರಿಂದ, ಒಂದು ಋತುವಿನ ಅಂಕಿಗಳನ್ನು ನಂಬಿ ತೀರ್ಪು ಕೊಡುವುದು ಅವಿವೇಕ; ಎರಡು ಮೂರು ಋತುಗಳನ್ನಾದರೂ ಕೂಡಿಸಿ ನೋಡಬೇಕು.

ಅಂಕಿಗಳು ಯಾವ ಕೆಲಸಕ್ಕೆ ಸಂಬಂಧಿಸಿದುವೆಂಬುದನ್ನೂ ವಿಚಾರಿಸದೆ ಬಿಡಲಾಗದು. ಕೊನೆಯ ಓವರುಗಳಲ್ಲಿ ಚೆಂಡು ಹಾಕಿ ಓವರಿಗೆ 9 ರನ್ ಕೊಟ್ಟವನು, ನಡುವಿನಲ್ಲಿ ಹಾಕಿ ಏಳೂವರೆ ಕೊಟ್ಟವನಿಗಿಂತ ಉತ್ತಮ ಬೌಲರ್ ಆಗಿರುವ ಸಂಭವ ಸಾಕಷ್ಟಿದೆ. ಎಕಾನಮಿಯ ಅಂಕಿಯನ್ನು ಮಾತ್ರ ನೋಡುವವನಿಗೆ ಇದು ತಿಳಿಯದು. 2024ರ ಅಂತಿಮ ಪಂದ್ಯದಲ್ಲಿ ಮೈಸೂರು 207 ರನ್ ಗಳಿಸಿದಾಗ ಎಸ್.ಯು. ಕಾರ್ತಿಕ್ 71, ನಾಯಕ ಕರುಣ್ ನಾಯರ್ 66, ಮನೋಜ್ ಭಾಂಡಗೆ ಔಟಾಗದೆ 44 ರನ್ ಮಾಡಿದರು. ಮೊತ್ತದ ದೃಷ್ಟಿಯಿಂದ ಭಾಂಡಗೆ ಮೂರನೆಯವನು. ಆದರೆ ಆ 44 ಬಂದದ್ದು ಹದಿಮೂರೇ ಎಸೆತಗಳಲ್ಲಿ. ಮೊದಲಿನ ಇಬ್ಬರು ಅಡಿಪಾಯವನ್ನು ಹಾಕದಿದ್ದರೆ ಅವನಿಗೆ ಆ ಸ್ವಾತಂತ್ರ್ಯವಿರುತ್ತಿರಲಿಲ್ಲ, ಅವನಿಲ್ಲದಿದ್ದರೆ 207 ಆಗುತ್ತಿರಲಿಲ್ಲ. ಹೀಗೆ ಕಡೆಯಲ್ಲಿ ಬಂದು ಹೊಡೆಯುವವರ ಸರಾಸರಿಯು ಸದಾ ಬಡವಾಗಿಯೇ ಕಾಣುವುದಾದುದರಿಂದ, ಹರಾಜಿನ ಮರುದಿನ ಅವರ ಬೆಲೆಯನ್ನು ಕಂಡು ಹುಬ್ಬೇರಿಸುವವರು ಬಹಳ. ನನ್ನ ಮತದಲ್ಲಿ ಟಿ–20ಯಲ್ಲಿ ಅತ್ಯಂತ ದುರ್ಲಭವಾದ ಗುಣವೇ ಅದು. ಅಂಗಣದ ಸ್ವಭಾವವೂ ಗಣನೆಗೆ ಬರತಕ್ಕದ್ದು. 2024ರ ಪಂದ್ಯಗಳೆಲ್ಲ ನಡೆದುದು ಬೌಂಡರಿಗಳು ಸಮೀಪವಾಗಿರುವ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. 2025ರ ಜೂನ್ 4ರಂದು ಆ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದ ಘೋರದುರಂತದ ಅನಂತರ ಆ ವರ್ಷದ ಪಂದ್ಯಾವಳಿಯು, ಪ್ರೇಕ್ಷಕರಿಗೆ ಪ್ರವೇಶವಿಲ್ಲದೆ, ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲಿ ನಡೆಯಿತು. ಒಂದು ಅಂಗಣದಲ್ಲಿ ಬಂದ ಸಿಕ್ಸರುಗಳನ್ನು ಇನ್ನೊಂದು ಅಂಗಣದ ಲೆಕ್ಕಕ್ಕೆ ಹಾಗೆಯೇ ವರ್ಗಾಯಿಸಲಾಗದು.

ವಯಸ್ಸು, ಆರೋಗ್ಯ, ಲಭ್ಯತೆ ಈ ಮೂರನ್ನೂ ಒಟ್ಟಿಗೆ ವಿಚಾರಿಸುವುದು ಅನುಕೂಲ. ಐಸ್ ಹಾಕಿಯಲ್ಲಿ ಏಳು ವರ್ಷಗಳ ಕರಾರನ್ನು ಬರೆಯುವವನು 29ರ ಆಟಗಾರನನ್ನಷ್ಟೇ ಅಲ್ಲದೆ 35ರ ಆಟಗಾರನನ್ನೂ ಅದೇ ಕ್ಷಣದಲ್ಲಿ ಕೊಳ್ಳುತ್ತಿರುತ್ತಾನೆ. ಅಲ್ಲಿ ದೀರ್ಘವಾದ ಕರಾರುಗಳು ಕಡೆಕಡೆಯ ವರ್ಷಗಳಲ್ಲಿ ತಂಡಕ್ಕೆ ಭಾರವಾಗುವುದು ಸರ್ವಸಾಮಾನ್ಯ. ನಮ್ಮಲ್ಲಿ ಹರಾಜಿನ ಅವಧಿಯು ಚಿಕ್ಕದಾಗಿರುವುದರಿಂದ ವಯಸ್ಸಿನ ಅಪಾಯವು ಕಡಿಮೆ, ಗಾಯದ ಅಪಾಯವು ಮಾತ್ರ ಅಷ್ಟೇ ತೀಕ್ಷ್ಣ. 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡವು, ಅದಕ್ಕೆ ಮೊದಲು ಬೆಂಗಳೂರು ಬುಲ್ಸ್ ತಂಡದ ಪ್ರಾಣದಂತಿದ್ದ ಪವನ್ ಸೆಹ್ರಾವತನನ್ನು 2 ಕೋಟಿ 26 ಲಕ್ಷ ರೂಪಾಯಿಗೆ ಕೊಂಡಿತು. ಅಲ್ಲಿಯವರೆಗೆ ಆ ಲೀಗಿನಲ್ಲಿ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ತನ್ನ ಮೊದಲನೆಯ ಪಂದ್ಯದ ಆರಂಭದಲ್ಲಿಯೇ ಅವನ ಮೊಣಕಾಲಿಗೆ ಪೆಟ್ಟಾಗಿ, ಆ ಋತುವೆಲ್ಲ ಅವನು ಹೊರಗುಳಿಯಬೇಕಾಯಿತು. ಮರುವರ್ಷ ತೆಲುಗು ಟೈಟನ್ಸ್ ಅವನಿಗೆ 2 ಕೋಟಿ 60 ಲಕ್ಷದ 50 ಸಾವಿರ ಕೊಟ್ಟಿತು. ಅವನು ಚೆನ್ನಾಗಿಯೇ ಆಡಿದರೂ ತಂಡವು ಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿ ಉಳಿಯಿತು. ಏಳು ಮಂದಿಯ ಆಟದಲ್ಲಿಯೂ ಒಬ್ಬನೇ ಏಳು ಮಂದಿಯಾಗಲಾರನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗಾಯದ ಅಪಾಯವನ್ನು ಅಗ್ಗದ ಬೆಲೆಗೆ ವಹಿಸಿಕೊಂಡ ಉದಾಹರಣೆಯೂ ನಮ್ಮಲ್ಲೇ ಇದೆ. ವೇಗದ ಬೌಲರ್ ಪ್ರಸಿದ್ಧ ಕೃಷ್ಣನು 2024ರ ಫೆಬ್ರವರಿಯಲ್ಲಿ ತೊಡೆಯ ಸ್ನಾಯುವಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆ ವರ್ಷದ ಐ.ಪಿ.ಎಲ್. ಆಡಲಿಲ್ಲ, ಜುಲೈ ಹರಾಜಿನಲ್ಲಿ ಮೈಸೂರು ವಾರಿಯರ್ಸ್ ಭಾರತದ ಪರವಾಗಿ ಆಡಿದ ಆ ಬೌಲರನ್ನು ಒಂದು ಲಕ್ಷ ರೂಪಾಯಿಗೆ ಪಡೆಯಿತು. ಅದೇ ಹರಾಜಿನಲ್ಲಿ ರಾಹುಲ್ ದ್ರಾವಿಡರ ಮಗ ಸಮಿತನನ್ನು 50 ಸಾವಿರಕ್ಕೆ ಕೊಂಡಾಗ ದೇಶದ ಪತ್ರಿಕೆಗಳೆಲ್ಲ ಆ ಸುದ್ದಿಯನ್ನು ಹಾಕಿದುವು. ಹೆಸರು ದೊಡ್ಡದು, ಬೆಲೆ ಚಿಕ್ಕದು. ಇಂಥ ಖರೀದಿಗಳಲ್ಲಿ ತಂಡವು ಕಳೆದುಕೊಳ್ಳುವುದು ಅತ್ಯಲ್ಪ, ಪಡೆಯುವ ಸಾಧ್ಯತೆ ಬಹಳ. ಆದಕಾರಣ ಅವುಗಳನ್ನು ಆಟಗಾರನು ಆಮೇಲೆ ಎಷ್ಟು ರನ್ ಮಾಡಿದನು, ಎಷ್ಟು ಪಂದ್ಯ ಆಡಿದನು ಎಂಬುದರಿಂದ ನಿಂದಿಸುವುದು ನ್ಯಾಯವಲ್ಲ. ಭಾರತ ತಂಡಕ್ಕೆ ಕರೆ ಬರುವ ಸಂಭವವುಳ್ಳ ಆಟಗಾರನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. 2025ರಲ್ಲಿ ಇಂಗ್ಲೆಂಡಿನ ಟೆಸ್ಟ್ ಸರಣಿಯು ಮುಗಿದುದು ಆಗಸ್ಟ್ 4ರಂದು, ಮಹಾರಾಜ ಟ್ರೋಫಿ ಆರಂಭವಾದುದು ಆಗಸ್ಟ್ 11ರಂದು. ಹರಾಜಿನ ಪಟ್ಟಿಯ ಪಕ್ಕದಲ್ಲಿ ಕ್ಯಾಲೆಂಡರನ್ನು ಇಟ್ಟುಕೊಳ್ಳದೆ ಅಂಥವರ ಬೆಲೆಯನ್ನು ವಿಮರ್ಶಿಸುವುದು ಅಪೂರ್ಣವಾಗುತ್ತದೆ.

ಇನ್ನು ಹಣದ ಮಾತು. ಬೆಲೆಯನ್ನು ರೂಪಾಯಿಗಳಲ್ಲಿ ನೋಡದೆ, ತಂಡಕ್ಕೆ ಇರುವ ಒಟ್ಟು ಹಣದ ಎಷ್ಟನೆಯ ಭಾಗವೆಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಮಹಾರಾಜ ಟ್ರೋಫಿಯಲ್ಲಿ ಒಂದು ತಂಡವು ವೆಚ್ಚಮಾಡಬಹುದಾದ ಮೊತ್ತ 50 ಲಕ್ಷ. ಅದರಲ್ಲಿ 16 ಮಂದಿಯನ್ನಾದರೂ ಕೂಡಿಸಬೇಕು. 2025ರಲ್ಲಿ ಹುಬ್ಬಳ್ಳಿ ಟೈಗರ್ಸ್ ದೇವದತ್ತ ಪಡಿಕ್ಕಲನಿಗೆ 13 ಲಕ್ಷ 20 ಸಾವಿರ, ಅಭಿನವ್ ಮನೋಹರನಿಗೆ 12 ಲಕ್ಷ 20 ಸಾವಿರ ಕೊಟ್ಟಿತು. ಇಬ್ಬರಿಗೇ 25 ಲಕ್ಷ 40 ಸಾವಿರ, ಅರ್ಧಕ್ಕಿಂತ ಹೆಚ್ಚು, ಆಯಿತು. ಉಳಿದ ಹದಿನಾಲ್ಕು ಮಂದಿಗೆ ತಲಾ ಒಂದು ಮುಕ್ಕಾಲು ಲಕ್ಷದ ಪ್ರಮಾಣದಲ್ಲಿ ಹಂಚಬೇಕಾಯಿತೆಂದು ಲೆಕ್ಕ. ಹೀಗೆ ಮಾಡುವುದು ತಪ್ಪೆಂದು ನಾನು ಹೇಳಲಾರೆ. ಹುಬ್ಬಳ್ಳಿಯವರು ಆ ವರ್ಷ ಅಂತಿಮ ಪಂದ್ಯವನ್ನು ತಲುಪಿ, ಮಳೆಯಿಂದ ಮೊಟಕಾದ ಆಟದಲ್ಲಿ ಮಂಗಳೂರು ಡ್ರಾಗನ್ಸ್ ತಂಡಕ್ಕೆ ಸೋತರು. ಆದರೆ ಇಂಥ ಹಂಚಿಕೆಯನ್ನು ಮಾಡುವ ತಂಡವು ಅಗ್ಗದ ಆಟಗಾರರನ್ನು ಗುರುತಿಸುವುದರಲ್ಲಿ ಇತರರಿಗಿಂತ ಹೆಚ್ಚಿನ ಕೌಶಲವನ್ನು ತೋರಿಸಲೇಬೇಕು. ಅದೇ ಹರಾಜಿನಲ್ಲಿ ಮೈಸೂರು ಮನೀಶ್ ಪಾಂಡೆಗೆ 12 ಲಕ್ಷ 20 ಸಾವಿರ ಕೊಟ್ಟಿತು. ಅನುಭವ ಮತ್ತು ನಾಯಕತ್ವಗಳಿಗೆ ಒಟ್ಟು ಹಣದ ಸುಮಾರು ನಾಲ್ಕನೆಯ ಒಂದು ಭಾಗವು ಸಲ್ಲುವುದೆ ಎಂಬುದನ್ನು ಮೈಸೂರಿನ ಅಭಿಮಾನಿಯು ಕೇಳತಕ್ಕದ್ದೇ. ಉತ್ತರವು ಅವನೊಬ್ಬನ ರನ್ನುಗಳಲ್ಲಿ ಸಿಗುವುದಿಲ್ಲ, ಅವನ ಕೈಕೆಳಗೆ ಆಡಿದ ಒಂದೊಂದು ಲಕ್ಷದ ಹುಡುಗರು ಹೇಗೆ ಬೆಳೆದರೆಂಬುದರಲ್ಲಿ ಸಿಗುತ್ತದೆ.

ಎಲ್ಲರೂ ಕೈಬಿಟ್ಟವನನ್ನು ಗುರುತಿಸುವುದು ಈ ವಿದ್ಯೆಯ ಅತ್ಯುನ್ನತವಾದ ಭಾಗ. ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ರನ್ ಹೊಡೆದವನು. ಕೆಲವು ವರ್ಷಗಳಲ್ಲಿ ಭಾರತ ತಂಡದಿಂದಲೂ, ಅನಂತರ ಕರ್ನಾಟಕ ತಂಡದಿಂದಲೂ ಹೊರಬಿದ್ದು, 2023ರಲ್ಲಿ ವಿದರ್ಭಕ್ಕೆ ವಲಸೆ ಹೋದನು. ಆ ಕಷ್ಟಕಾಲದಲ್ಲಿ ಮೈಸೂರು ವಾರಿಯರ್ಸ್ ಅವನನ್ನು ನಾಯಕನನ್ನಾಗಿ ಇಟ್ಟುಕೊಂಡಿತು. 2023ರ ಸೆಮಿಫೈನಲಿನಲ್ಲಿ ಗುಲ್ಬರ್ಗದ ಮೇಲೆ ಬಿರುಸಿನ ಶತಕ, 2024ರಲ್ಲಿ ಒಟ್ಟು 560 ರನ್, ಅದರ ಜೊತೆಗೆ ಪ್ರಶಸ್ತಿ. ಅದೇ ಚಳಿಗಾಲದ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ 779 ರನ್. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ಅನಂತರ, ಭಾರತದ ಟೆಸ್ಟ್ ತಂಡಕ್ಕೆ ಪುನರಾಗಮನ. ಅವನು ಮುಂದೆ ಭಾರತಕ್ಕೆ ಆಡುವನೆಂದು ಮೈಸೂರಿನವರು ಭವಿಷ್ಯ ನುಡಿದಿದ್ದರೆಂದು ನಾನು ಹೇಳುತ್ತಿಲ್ಲ. ರನ್ ನಿಂತುಹೋದ ಆಟಗಾರನಲ್ಲಿ ಶಕ್ತಿಯೇ ಬತ್ತಿದೆಯೆ, ಅಥವಾ ಅವಕಾಶ ಮಾತ್ರ ತಪ್ಪಿದೆಯೆ ಎಂಬುದನ್ನು ವಿವೇಚಿಸಬಲ್ಲ ಕಣ್ಣು ಅವರಿಗಿತ್ತು, ಅಷ್ಟೇ. ಅಷ್ಟೇ ಆದರೂ ಅದು ಸಾಮಾನ್ಯವಲ್ಲ.

ನಂಜನಗೂಡು ಮತ್ತು ತಿ. ನರಸೀಪುರದ ವಾಚಕರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಪ್ರತಿ ತಂಡವೂ ತನ್ನ ವಲಯದ ಇಬ್ಬರು ಆಟಗಾರರನ್ನಾದರೂ ಸೇರಿಸಿಕೊಳ್ಳಬೇಕೆಂಬ ನಿಯಮವನ್ನು ಈ ಪಂದ್ಯಾವಳಿಯಲ್ಲಿ ಮಾಡಿದ್ದಾರೆ. ಅನೇಕರು ಈ ಹೆಸರುಗಳನ್ನು ಪಟ್ಟಿಯ ಕೊನೆಯಲ್ಲಿ ಕಂಡು ಮುಂದಕ್ಕೆ ಹೋಗುತ್ತಾರೆ. ಆದರೆ ಮೈಸೂರಿನವನೇ ಆದ ಎಡಗೈ ಸ್ಪಿನ್ನರ್ ಜೆ. ಸುಚಿತನನ್ನು 2015ರಲ್ಲಿ ಮುಂಬಯಿ ಇಂಡಿಯನ್ಸ್ 10 ಲಕ್ಷಕ್ಕೆ ಕೊಂಡಾಗ ದೇಶದಲ್ಲಿ ಅವನ ಹೆಸರನ್ನು ಕೇಳಿದವರು ವಿರಳವಾಗಿದ್ದರು; ಅವನು ಅದೇ ವರ್ಷ ಆಡಿದನು, ತಂಡವು ಪ್ರಶಸ್ತಿಯನ್ನು ಗೆದ್ದಿತು. ಸಣ್ಣ ಊರಿನ ಹುಡುಗನಿಗೆ ಸಿಗುವ ಮೊದಲನೆಯ ಬೆಲೆಯು ಅವನ ಮೌಲ್ಯವನ್ನು ಹೇಳುವುದಿಲ್ಲ, ಅವನನ್ನು ಎಷ್ಟು ಮಂದಿ ನೋಡಿದ್ದಾರೆಂಬುದನ್ನು ಹೇಳುತ್ತದೆ. ಪಟ್ಟಿಯ ಕೊನೆಯ ಹೆಸರುಗಳನ್ನು ದಯವಿಟ್ಟು ಮೊದಲು ಓದಿರಿ.

ತೀರ್ಪು ಕೊಡುವ ಕಾಲ ಬಂದಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು: ಕೊಂಡ ದಿನ ತಿಳಿದಿದ್ದ ಸಂಗತಿಗಳ ಮೇಲೆ ಆ ನಿರ್ಧಾರವು ಸರಿಯಾಗಿತ್ತೆ, ಮತ್ತು ಆಮೇಲೆ ಅದು ಫಲಿಸಿತೆ. ಪವನನ ಮೊಣಕಾಲಿನ ಪೆಟ್ಟನ್ನು ಯಾರೂ ಮುಂಗಾಣಲಾರದವರಾಗಿದ್ದರು. ಅದು ದುರದೃಷ್ಟ, ಅವಿವೇಕವಲ್ಲ. ಮುಂಗಾಣಬಹುದಾಗಿದ್ದ ಪ್ರಸಂಗಗಳೂ ಉಂಟು. 2006ರಲ್ಲಿ ಖಾರಾ ಬೋಸ್ಟನ್ನಿಗೆ ಹೋಗುವುದಕ್ಕೆ ಮೊದಲು ಆಡುತ್ತಿದ್ದುದು ಒಟ್ಟಾವ ತಂಡದಲ್ಲಿ. ಸಂಬಳದ ಮಿತಿಯೊಳಗೆ ಅವನನ್ನೂ ವೇಡ್ ರೆಡನ್ ಎಂಬ ಇನ್ನೊಬ್ಬ ರಕ್ಷಕನನ್ನೂ ಇಟ್ಟುಕೊಳ್ಳಲಾಗದೆ ಆ ತಂಡದವರು ರೆಡನನನ್ನು ಉಳಿಸಿಕೊಂಡರು. ಆಗ ಹಲವರಿಗೆ ಅದು ಸಮಂಜಸವಾಗಿಯೇ ತೋರಿತ್ತು. ಎರಡು ವರ್ಷಗಳ ಮೇಲೆ, ರೆಡನನ ಆಟವು ಇಳಿಮುಖವಾಗಿದ್ದಾಗಲೇ, ನ್ಯೂಯಾರ್ಕಿನ ತಂಡವೊಂದು ಅವನಿಗೆ ಆರು ವರ್ಷಗಳಿಗೆ 3 ಕೋಟಿ 90 ಲಕ್ಷ ಡಾಲರ್ ಕೊಟ್ಟು, 2010ರಲ್ಲಿ ಅವನನ್ನು ಕೆಳದರ್ಜೆಯ ಲೀಗಿಗೆ ಕಳುಹಿಸಿತು. ಒಟ್ಟಾವದ್ದು ಕಠಿನವಾದ ಆಯ್ಕೆಯಲ್ಲಿ ಆದ ತಪ್ಪು. ನ್ಯೂಯಾರ್ಕಿನದು ಕಣ್ಣೆದುರಿನ ಸಾಕ್ಷ್ಯವನ್ನು ಲಕ್ಷಿಸದೆ ಮಾಡಿದ ತಪ್ಪು. ಎರಡನೆಯದನ್ನೇ ನಾವು ಕಟುವಾಗಿ ವಿಮರ್ಶಿಸಬೇಕು.

ಈ ವಿಚಾರಗಳು ದೊಡ್ಡ ಪಂದ್ಯಾವಳಿಗಳಿಗೆ ಮಾತ್ರ ಮೀಸಲಾದುವಲ್ಲ. ನಮ್ಮ ಹೋಬಳಿಗಳಲ್ಲಿ ಈಗ ಟೆನ್ನಿಸ್ ಬಾಲ್ ಕ್ರಿಕೆಟ್ಟಿಗೂ ಕಬಡ್ಡಿಗೂ ಪ್ರೀಮಿಯರ್ ಲೀಗುಗಳೆಂಬ ಹೆಸರಿನ ಪಂದ್ಯಾವಳಿಗಳು ನಡೆಯುತ್ತಿವೆ. ಅವುಗಳಲ್ಲಿಯೂ ಹರಾಜುಂಟು, ಅಂಕಗಳ ಮಿತಿಯುಂಟು. ತಂಡವನ್ನು ಕಟ್ಟುವ ಮಿತ್ರರು ಮೊದಲನೆಯ ಅರ್ಧ ಗಂಟೆಯಲ್ಲಿಯೇ ಅಂಕಗಳನ್ನೆಲ್ಲ ಇಬ್ಬರು ಪ್ರಸಿದ್ಧ ಹೊಡೆತಗಾರರಿಗೆ ಸುರಿದು, ವಿಕೆಟ್ ಕೀಪರನಿಲ್ಲದೆ ಪರದಾಡುವುದು ಇಂಥ ಕಡೆಗಳಲ್ಲಿ ಸಾಧಾರಣ. ಬೇಕಾದ ಸ್ಥಾನಗಳ ಪಟ್ಟಿ, ಒಂದೊಂದು ಸ್ಥಾನಕ್ಕೂ ಮೀರಬಾರದ ಮೊತ್ತ, ಆ ಸ್ಥಾನಕ್ಕೆ ಒಪ್ಪಬಹುದಾದ ಮೂವರ ಹೆಸರು, ಇಷ್ಟನ್ನು ಹಿಂದಿನ ರಾತ್ರಿ ಬರೆದಿಟ್ಟುಕೊಂಡು, ಹರಾಜಿನ ಆವೇಶದಲ್ಲಿ ಅದನ್ನು ದಾಟದಿರುವ ಸಂಯಮವಿದ್ದರೆ ಅರ್ಧ ಪಂದ್ಯಾವಳಿ ಗೆದ್ದಂತೆಯೇ. ಹರಾಜು ಕೂಗುವವನ ಧ್ವನಿ ಏರಿದಷ್ಟೂ ತಮ್ಮ ಕಾಗದವನ್ನು ನೋಡಿಕೊಳ್ಳುವ ಒಬ್ಬ ಮಿತಭಾಷಿಯನ್ನು ಪ್ರತಿ ತಂಡವೂ ಮೇಜಿನ ಬಳಿ ಕೂರಿಸಿಕೊಳ್ಳಲಿ.

ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮುಂದಿನ ಹರಾಜಿನ ಮರುದಿನದ ಪತ್ರಿಕೆಯನ್ನು ರದ್ದಿಗೆ ಹಾಕದೆ ತೆಗೆದಿಡಿರಿ. ಪ್ರತಿ ಹೆಸರಿನ ಎದುರಿಗೂ, ಅವನು ತುಂಬಬೇಕಾದ ಕೊರತೆ ಯಾವುದು, ಅವನ ಬೆಲೆಯು ಒಟ್ಟು ಹಣದ ಎಷ್ಟನೆಯ ಭಾಗ, ನಿಮ್ಮ ಅಭಿಪ್ರಾಯವೇನು ಎಂಬುದನ್ನು ಒಂದೇ ಸಾಲಿನಲ್ಲಿ ಪೆನ್ನಿನಿಂದ ಬರೆದು ತಾರೀಖು ಹಾಕಿರಿ. ಪಂದ್ಯಾವಳಿ ಮುಗಿದ ವಾರದಲ್ಲಿ ಅದನ್ನು ಮತ್ತೆ ತೆಗೆದು ಓದಿ, ಮರುವರ್ಷದ ಪತ್ರಿಕೆಯನ್ನು ಅದರ ಜೊತೆಗೆ ಇಡಿರಿ. ಮೂರು ವರ್ಷ ಹೀಗೆ ಮಾಡಿದವರ ಮಾತನ್ನು ನಿಮ್ಮ ಊರಿನ ಪಂದ್ಯಾವಳಿಯ ಮೇಜಿನಲ್ಲಿ ಎಲ್ಲರೂ ಕಿವಿಗೊಟ್ಟು ಕೇಳುವರು.